ಕೂರೋಕೆ ಯಾರನ್ನ ಕೇಳಬೇಕು?

ಈ ಸಲ ಸಂಕ್ರಾಂತಿ ಕಳೆದ ಮೇಲೆ ಅವ್ವನನ್ನು ಕನ್ನಂಬಾಡಿ ಕಟ್ಟೆಯ ಬೃಂದಾವನಕ್ಕೆ ಕರಕೊಂಡು ಹೋಗಿದ್ದೆ. ಮೈಸೂರಿಂದ ಸುಮಾರು 20 ಕಿಲೋಮೀಟರು. ಇಷ್ಟು ಹತ್ತಿರವಿದ್ದೂ ಅವಳು ಅದನ್ನು ನೋಡಿರಲಿಲ್ಲ. ನಾಟಿ, ಕಳೆ, ಕುಯ್ಲು ಇವುಗಳ ನಡುವೆ ಸುಮ್ಮನೆ ಹೋಗಿ ಕೂತು ಬರೋದಕ್ಕೂ ಒಂದು ದಿನ ಇರುತ್ತೆ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಟಿಕೇಟು ಕೊಂಡು ಒಳಗೆ ಹೋದೆವು. ಹುಲ್ಲಿನ ಮೇಲೆ ಜನ ಮಕ್ಕಳುಮರಿ ಸಮೇತ ಕೂತಿದ್ದರು. ಅವ್ವ ಮಾತ್ರ ದಾರಿಯ ಅಂಚಿನಲ್ಲೇ ನಿಂತಳು.

"ಇಲ್ಲಿ ಕುಂತ್ಕಬೋದಾ ಮಗ? ಯಾರ್‍ನಾದ್ರೂ ಕೇಳ್ಬೇಕಾ?"

ನಾನು ನಕ್ಕುಬಿಟ್ಟೆ. ನಗಬಾರದಿತ್ತು. ಕೂರುವ ಮೊದಲು ಕೇಳಬೇಕು ಅನ್ನೋದನ್ನ ಅವಳ ಮೈಗೆ ಕಲಿಸಿದ್ದು ಊರು. ಊರ ಜಗಲಿ, ಅರಳಿಕಟ್ಟೆ, ಹೋಟೆಲಿನ ಬೆಂಚು, ದೇವಸ್ಥಾನದ ಮೆಟ್ಟಿಲು ಎಲ್ಲ ಸೇರಿ ಕಲಿಸಿದ ಪಾಠ ಅದು. ಬಿ.ಎ. ಪಾಸಾದ ಮಗನಿಗೆ ಆ ಪಾಠ ಮರೆತಿರಬಹುದು. ಅವಳಿಗೆ ಮರೆತಿಲ್ಲ.

ಕೆಲವು ಗೆಳೆಯರು ಕೇಳುತ್ತಾರೆ: "ಕೇರಿಗೆ ನೀರಿಲ್ಲ, ನೀನು ಕಾರಂಜಿ ಬಗ್ಗೆ ಬರೀತೀಯಲ್ಲಯ್ಯ?" ನಾನು ಹೇಳೋದು, ಎರಡೂ ಒಂದೇ ನೀರು. ದುಡಿಯೋದಕ್ಕೆ ಮಾತ್ರ ಹುಟ್ಟಿದವರು ಅಂತ ನಮ್ಮನ್ನು ಸಾವಿರಾರು ವರ್ಷ ನಂಬಿಸಿದರು. ಸುಮ್ಮನೆ ಕೂರುವ ಸುಖ, ಚೆಲುವನ್ನು ನೋಡುವ ಸುಖ ನಮ್ಮ ಪಾಲಿಗಲ್ಲ ಅಂತ ನಾವೂ ಒಪ್ಪಿಕೊಂಡರೆ, ಅದು ಅವರ ಮಾತನ್ನೇ ನಮ್ಮ ಬಾಯಿಂದ ಆಡಿದಂತೆ. ಹೊಟ್ಟೆಗೆ ಅನ್ನ ಬೇಕು. ಕಣ್ಣಿಗೂ ಹಸಿವಿದೆ.

ಈ ಚೆಲುವು ಯಾರ ಬೆವರು? ಕಾವೇರಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಸಿಮೆಂಟಿನ ಬದಲು ಸುರ್ಕಿ ಗಾರೆ ಬಳಸಿ, ಸಾವಿರಾರು ಜನ ಕಲ್ಲು ಮಣ್ಣು ಹೊತ್ತು ಎಬ್ಬಿಸಿದ ಕಟ್ಟೆ ಅದು. ಹಳೆಯ ಕನ್ನಂಬಾಡಿ ನೀರಲ್ಲಿ ಮುಳುಗಿತು. ಕಟ್ಟೆಯ ಕೆಳಗೆ, ದಿವಾನ್ ಮಿರ್ಜಾ ಇಸ್ಮಾಯಿಲರ ಆಸೆಯಂತೆ, ಕಾಶ್ಮೀರದ ಶಾಲಿಮಾರ್ ತೋಟದ ಮಾದರಿಯಲ್ಲಿ 60 ಎಕರೆಯ ಈ ತೋಟ ಎದ್ದಿತು. ಮಹಾರಾಜರ ಹೆಸರು, ದಿವಾನರ ಹೆಸರು, ಎಂಜಿನಿಯರರ ಹೆಸರು ನಮಗೆ ಬಾಯಿಪಾಠ. ಕಲ್ಲು ಹೊತ್ತವರ ಒಂದು ಹೆಸರನ್ನೂ ಇಸ್ಕೂಲಲ್ಲಿ ಹೇಳಿಕೊಡಲಿಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು ಮಂಡ್ಯದ ಸೀಮೆ ಹಸುರಾಯಿತು. ಗದ್ದೆ ಇದ್ದವರಿಗೆ ಬೆಳೆ ಬಂತು. ಗದ್ದೆ ಇಲ್ಲದವರಿಗೆ ಕೂಲಿ ಬಂತು.

ತೋಟದ ಕೆಲಸ ಶುರುವಾದದ್ದು 1927ರಲ್ಲಿ. ಈ ಇಸವಿಯನ್ನು ನೆನಪಿಡಿ. ಅದೇ 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಸಾವಿರಾರು ಜನರನ್ನು ಕರಕೊಂಡು ಹೋಗಿ ಚೌದಾರ್ ಕೆರೆಯ ನೀರು ಕುಡಿದರು. ಆ ಕೆರೆ ಎಲ್ಲರದೂ ಅಂತ ಅಲ್ಲಿನ ಪುರಸಭೆ 1924ರಲ್ಲೇ ಠರಾವು ಮಾಡಿತ್ತು. ಆದರೂ ಕುಡಿದವರಿಗೆ ಹೊಡೆತ ಬಿತ್ತು. ಆಮೇಲೆ ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಒಂದು ಕಡೆ ನೀರಿಗೆ ಕುಣಿಯೋದನ್ನ ಕಲಿಸಲು ಹೊರಟಿದ್ದರು. ಇನ್ನೊಂದು ಕಡೆ ಮನುಷ್ಯರು ಒಂದು ಬೊಗಸೆ ನೀರಿಗೆ ತಲೆ ಒಡೆಸಿಕೊಂಡರು.

ಬಾಬಾಸಾಹೇಬರು ಇದನ್ನು ಮರೆತವರಲ್ಲ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ನೋಡಿ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಜೊತೆಗೇ, ಸರ್ಕಾರದ ಹಣದಲ್ಲಿ ನಡೆಯುವ, ಜನ ಸೇರುವ ತಾಣಗಳೂ ಒಂದೇ ಸಾಲಿನಲ್ಲಿವೆ. ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಕುಡಿಯೋ ನೀರು, ಕೂತು ನೋಡೋ ನೀರು ಎರಡೂ ಹಕ್ಕೇ.

ಹಾಗಾದರೆ ಬೃಂದಾವನದಲ್ಲಿ ಸಮಾನತೆ ಇದೆಯೇ? ಗೇಟಿನಲ್ಲಿ ನನ್ನ ಜಾತಿ ಯಾರೂ ಕೇಳಲಿಲ್ಲ, ನಿಜ. ಪಕ್ಕದಲ್ಲಿ ಕೂತಿದ್ದ ಹೆಂಗಸು ಅವ್ವನಿಗೆ ಕಡಲೇಕಾಯಿ ಕೊಟ್ಟರು. ಇದು ಸಣ್ಣ ಮಾತಲ್ಲ. ಊರಲ್ಲಿ ಸಿಗದ ಉಸಿರು ಅದು. ಆದರೆ ಆಮೇಲೆ ಆಕೆ, "ಯಾವೂರಮ್ಮ ನಿಮ್ದು? ಯಾವ್ ಬೀದಿ?" ಅಂದಾಗ ಅವ್ವ ಊರಿನ ಹೆಸರು ಮಾತ್ರ ಹೇಳಿ ಸುಮ್ಮನಾದಳು. ಆ ಮೌನ ನನ್ನನ್ನು ಇನ್ನೂ ಚುಚ್ಚುತ್ತಿದೆ. ಗುರುತು ಸಿಗದೇ ಇರೋದು ಬೇರೆ, ಗುರುತು ಸಿಕ್ಕಿಯೂ ಮನುಷ್ಯರಾಗಿರೋದು ಬೇರೆ. ಟಿಕೇಟು ಮೊದಲನೆಯದನ್ನು ಕೊಡುತ್ತದೆ. ಎರಡನೆಯದನ್ನು ಕೊಡುವ ಟಿಕೇಟು ಯಾವ ಕೌಂಟರಿನಲ್ಲೂ ಇಲ್ಲ. ಬೀದಿಯ ಹೆಸರು ಮುಚ್ಚಿಟ್ಟು ತಿಂದ ಕಡಲೇಕಾಯಿ ಸಮಾನತೆ ಅಲ್ಲ.

ಸಂಜೆ ದೀಪ ಹತ್ತಿತು. ಕೊನೆಗೂ ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಅವ್ವ, "ಎಷ್ಟು ಚೆಂದಾಗದೆ ಕಣಪ್ಪ" ಅಂದಳು. ಆ ಮಾತಿಗೆ ಅವಳು ಯಾರ ಅಪ್ಪಣೆಯನ್ನೂ ಕೇಳಲಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಪ್ರತಿ ವರ್ಷ ನೀವು ಮಕ್ಕಳನ್ನು ಪ್ರವಾಸ ಅಂತ ಬೃಂದಾವನಕ್ಕೆ ಕರಕೊಂಡು ಬರುತ್ತೀರಿ. ಬಸ್ಸಿನಲ್ಲಿ ಅವರು ಒಂದೇ ಸೀಟಿನಲ್ಲಿ ಅಂಟಿ ಕೂತು ಹಾಡುತ್ತಾರೆ, ಒಬ್ಬರ ಬುತ್ತಿಗೆ ಇನ್ನೊಬ್ಬರು ಕೈಹಾಕುತ್ತಾರೆ. ರಾತ್ರಿ ಬಸ್ಸು ಊರ ಮುಂದೆ ನಿಂತಾಗ ಕೆಲವರು ಊರೊಳಕ್ಕೆ, ಕೆಲವರು ಕೇರಿಗೆ ನಡೆಯುತ್ತಾರೆ. ಪ್ರವಾಸ ಅಲ್ಲಿಗೆ ಮುಗಿಯಬಾರದು. ಮಾರನೆಯ ದಿನ ಅದೇ ಮಕ್ಕಳನ್ನು ನಿಮ್ಮೂರ ಅರಳಿಕಟ್ಟೆಯ ಮೇಲೆ ಒಟ್ಟಿಗೆ ಕೂರಿಸಿ, ಕಂಡದ್ದನ್ನು ಹೇಳಿಸಿ. ಯಾರಾದರೂ "ಯಾರನ್ನ ಕೇಳಿ ಕೂರಿಸಿದ್ರಿ?" ಅಂತ ಬಂದೇ ಬರುತ್ತಾರೆ. ಬರಲಿ. ಉತ್ತರ ಕೊಡಬೇಕಾದವರು ನಾವು, ನನ್ನವ್ವ ಅಲ್ಲ.