ತನಗಾಗಿ ಏನೂ ಬೇಡದ ತಾಯಿ



 ಬೆಟ್ಟಕ್ಕೆ ಬರುವವರು ಬರಿಗೈಲಿ ಬರುವುದಿಲ್ಲ. ಒಂದು ಕೈಯಲ್ಲಿ ಹಣ್ಣುಕಾಯಿ ಇರುತ್ತದೆ, ಮನಸ್ಸಿನಲ್ಲಿ ಒಂದು ಕೋರಿಕೆ ಇರುತ್ತದೆ. ಮಗಳಿಗೆ ಸಂಬಂಧ ಕೂಡಿಬರಲಿ, ಮಗನಿಗೆ ಕೆಲಸ ಸಿಗಲಿ, ಬೋರ್‌ವೆಲ್‌ನಲ್ಲಿ ನೀರು ಬೀಳಲಿ, ಈ ಸಲದ ಗೂಡಿಗೆ ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಒಳ್ಳೆ ರೇಟು ಬರಲಿ. ಬೇಡುವುದು ತಪ್ಪಲ್ಲ. ಕೊಡುವವನ ಹತ್ತಿರ ತಾನೇ ಬೇಡಬೇಕು?

ಆದರೆ ಒಂದು ಸಂಗತಿ ಗಮನಿಸಿ. ಗರ್ಭಗುಡಿಯ ಮುಂದೆ ಕಣ್ಣುಮುಚ್ಚಿ ನಿಂತಿರುವ ಮನೆಯ ಹೆಣ್ಣುಮಗಳನ್ನು ಆಮೇಲೆ ಕೇಳಿ ನೋಡಿ, "ಏನಮ್ಮಾ ಬೇಡಿಕೊಂಡೆ?" ಎಂದು. "ಇನ್ನೇನು, ಎಲ್ಲಾರೂ ಚೆನ್ನಾಗಿರಲಿ ಅಂತ" ಎನ್ನುತ್ತಾಳೆ. ಆ "ಎಲ್ಲಾರೂ" ಎನ್ನುವ ಮಾತಿನಲ್ಲಿ ಗಂಡ ಇರುತ್ತಾನೆ, ಮಕ್ಕಳು ಇರುತ್ತಾರೆ, ಅತ್ತೆ ಮಾವ ಇರುತ್ತಾರೆ, ಕೊಟ್ಟಿಗೆಯ ದನಕರು ಕೂಡ ಇರುತ್ತವೆ. ಅವಳು ಮಾತ್ರ ಇರುವುದಿಲ್ಲ. ಅವಳನ್ನು ಅವಳೇ ಮರೆತಿರುತ್ತಾಳೆ.

ಹೀಗೆ ತನಗಾಗಿ ಏನೂ ಬೇಡದೆ ದೇವರನ್ನು ಒಲಿಸಿಕೊಂಡ ಮಹಾತಾಯಿ ಹೇಮರೆಡ್ಡಿ ಮಲ್ಲಮ್ಮ. ಕರ್ನಾಟಕದಲ್ಲಿ ಆ ತಾಯಿಯ ಹೆಸರು ಕೇಳದವರು ಕಡಿಮೆ. ಗುಬ್ಬಿ ವೀರಣ್ಣನವರು 1945ರಲ್ಲಿ ಈ ಕಥೆಯನ್ನು ಚಲನಚಿತ್ರವಾಗಿ ಜನಕ್ಕೆ ತೋರಿಸಿದರು. ಈಗ ಪ್ರತಿ ವರ್ಷ ಮೇ 10ರಂದು ಸರ್ಕಾರವೇ ಮಲ್ಲಮ್ಮನ ಜಯಂತಿಯನ್ನು ನಡೆಸುತ್ತದೆ. ಹಿರಿಯರ ಬಾಯಿಂದ ಬಂದ ಆ ಕಥೆಯನ್ನು ಈ ಪುಣ್ಯಸ್ಥಳದಲ್ಲಿ ಇನ್ನೊಮ್ಮೆ ನೆನೆಯೋಣ.

ಮಲ್ಲಮ್ಮ ಶ್ರೀಶೈಲದ ಸೀಮೆಯ ಹೆಣ್ಣುಮಗಳು. ಚಿಕ್ಕಂದಿನಿಂದ ಮಲ್ಲಿಕಾರ್ಜುನನಲ್ಲಿ ಭಕ್ತಿ. ಮದುವೆಯಾಗಿ ಬಂದದ್ದು ತುಂಬಿದ ರೆಡ್ಡಿ ಮನೆತನಕ್ಕೆ. ಮನೆಯಲ್ಲಿ ಸಿರಿ ಇತ್ತು, ಆದರೆ ಅವಳ ಪಾಲಿಗೆ ಸುಖ ಇರಲಿಲ್ಲ. ಗಂಡ ಭರಮರೆಡ್ಡಿ ಲೋಕವ್ಯವಹಾರ ತಿಳಿಯದ ಮುಗ್ಧ. ಅತ್ತೆ ಪದ್ಮಮ್ಮನ ಮಾತು ಬೆಂಕಿಯ ಕೆಂಡ. ಓರಗಿತ್ತಿಯರು ಹೇಳಿದ ಚಾಡಿ ಬೇರೆ. ಎಲ್ಲರೂ ಎದ್ದೇಳುವ ಮುಂಚೆ ಏಳಬೇಕು, ಎಲ್ಲರೂ ಮಲಗಿದ ಮೇಲೆ ಮಲಗಬೇಕು. ಕಸಮುಸುರೆ, ಬೀಸುವುದು, ಕುಟ್ಟುವುದು, ನೀರು ತರುವುದು ಎಲ್ಲಾ ಅವಳದೇ. ಕೊನೆಗೆ ದನ ಕಾಯಲು ಕಾಡಿಗೂ ಅಟ್ಟಿದರು ಎಂದು ಕಥೆ ಹೇಳುವವರು ಹೇಳುತ್ತಾರೆ.

ಇಂಥ ಮನೆಯಲ್ಲಿ ಪೂಜೆಗೆ ಹೊತ್ತು ಎಲ್ಲಿ? ಮಲ್ಲಮ್ಮನಿಗೆ ಪೂಜೆಯ ಕೋಣೆ ಇರಲಿಲ್ಲ, ಬೀಸುವ ಕಲ್ಲೇ ಜಪಮಾಲೆಯಾಯಿತು. ತಿರುಗುವ ಒಂದೊಂದು ಸುತ್ತಿಗೂ ಮಲ್ಲಯ್ಯನ ಹೆಸರು. ಮುಗ್ಧ ಗಂಡನಿಗೆ ತುತ್ತು ಮಾಡಿ ಉಣ್ಣಿಸಿದಳು, ಅದೇ ನೈವೇದ್ಯ. ಬಾಗಿಲಿಗೆ ಬಂದ ಜಂಗಮನಿಗೆ ತನ್ನ ಪಾಲಿನ ಊಟವನ್ನೇ ಎತ್ತಿಕೊಟ್ಟಳು, ಅದೇ ದಾಸೋಹ. ಮನೆಯವರು ಅದನ್ನೂ ತಪ್ಪೆಂದರು. ಆದರೆ ಆ ಜಂಗಮನ ವೇಷದಲ್ಲಿ ಬಂದವನು ಯಾರೆಂದು ಮನೆಯವರಿಗೆ ಗೊತ್ತಾಗಲಿಲ್ಲ.

ಮಲ್ಲಮ್ಮ ತಾಯಿಯಾದದ್ದು ಹೇಗೆ ಎಂಬುದನ್ನೂ ತಿಳಿಯಬೇಕು. ಗಂಡನ ತಮ್ಮ ವೇಮನ ದಾರಿ ತಪ್ಪಿದ್ದ. ವೇಶ್ಯೆಯೊಬ್ಬಳ ಮೋಹದಲ್ಲಿ ಮನೆಮಠ ಮರೆತಿದ್ದ. ಆಕೆ ಕೇಳಿದ ಒಡವೆಗಾಗಿ ಅತ್ತಿಗೆಯ ಮುಂದೆ ಬಂದು ಕೈಚಾಚಿದ. ಬೇರೆಯವರಾಗಿದ್ದರೆ ಬೈದು ಬಾಗಿಲು ಹಾಕುತ್ತಿದ್ದರು. ಮಲ್ಲಮ್ಮ ಬೈಯಲಿಲ್ಲ. ಮೈಮೇಲಿನ ಒಡವೆ ಬಿಚ್ಚಿ ಕೊಟ್ಟು, "ಒಂದೇ ಮಾತು ನಡೆಸಿಕೊಡಪ್ಪಾ. ಇದನ್ನು ಕೊಡುವ ಮುಂಚೆ ಆಕೆಯನ್ನು ಮೋಹ ಬಿಟ್ಟ ಕಣ್ಣಿಂದ ಒಂದು ಸಲ ಸರಿಯಾಗಿ ನೋಡು" ಎಂದಳಂತೆ. ವೇಮನ ಹಾಗೇ ನೋಡಿದ. ಹಣದಾಸೆಯನ್ನೂ ಕಂಡ, ದೇಹದ ಹುರುಳನ್ನೂ ಕಂಡ. ಅಲ್ಲಿಗೆ ಮೋಹ ಬಿಟ್ಟುಹೋಯಿತು. ತಿರುಗಿ ಬಂದು ಅತ್ತಿಗೆಯ ಕಾಲಿಗೆ ಬಿದ್ದ.

ಆ ವೇಮನನೇ ಮಹಾಯೋಗಿಯಾದ. ಆಟವೆಲದಿ ಛಂದಸ್ಸಿನ ಅವನ ತೆಲುಗು ಪದ್ಯಗಳು ಮನೆಮನೆಯ ಮಾತಾದವು. ಚಾರ್ಲ್ಸ್ ಫಿಲಿಪ್ ಬ್ರೌನ್ ಎಂಬ ಇಂಗ್ಲಿಷ್ ಅಧಿಕಾರಿ ಆ ಪದ್ಯಗಳನ್ನು ಸಂಗ್ರಹಿಸಿ 1829ರಲ್ಲಿ ಅಚ್ಚು ಹಾಕಿಸಿದರು. ವೇಮನನ ಸಮಾಧಿ ಇರುವುದು ಕದಿರಿ ಸೀಮೆಯ ಕಟಾರುಪಲ್ಲಿಯಲ್ಲಿ, ನಮ್ಮ ಜಿಲ್ಲೆಯ ಗಡಿಯಾಚೆಗೆ. ದಿಬ್ಬೂರಹಳ್ಳಿ, ಚಿಂತಾಮಣಿ, ಬಾಗೇಪಲ್ಲಿಯ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಕುಟುಂಬಗಳು ಬಹಳ. ಅಂಥ ಮನೆಗಳಲ್ಲಿ ಅತ್ತಿಗೆಯನ್ನು ವದಿನಮ್ಮ ಎನ್ನುತ್ತಾರೆ. ಆ ಮಾತಿನ ಕೊನೆಗೇ ಅಮ್ಮ ಇದ್ದಾಳೆ. ಹೆತ್ತರೆ ಮಾತ್ರ ತಾಯಿಯಲ್ಲ, ಕೆಟ್ಟವನನ್ನು ಕೈಬಿಡದೆ ತಿದ್ದಿದವಳೂ ತಾಯಿಯೇ.

ಕೊನೆಗೆ ಮಲ್ಲಿಕಾರ್ಜುನಸ್ವಾಮಿ ಪ್ರತ್ಯಕ್ಷನಾದ. "ಮಗಳೇ, ಏನು ಬೇಕು ಕೇಳು" ಎಂದ. ಅವಳು ಏನು ಬೇಕಾದರೂ ಕೇಳಬಹುದಿತ್ತು. ಬೇರೆ ಮನೆ ಕೇಳಬಹುದಿತ್ತು, ಕಾಡಿದವರಿಗೆ ಶಿಕ್ಷೆ ಕೇಳಬಹುದಿತ್ತು. ಮಲ್ಲಮ್ಮ ಕೇಳಿದ್ದು, "ಸ್ವಾಮೀ, ಈ ಕುಲಕ್ಕೆ ಎಂದೂ ಬಡತನ ಬಾರದಿರಲಿ" ಎಂದು. ತನ್ನನ್ನು ಗೋಳುಹುಯ್ದ ಮನೆಗೇ ಸಿರಿ ಬೇಡಿದಳು.

ಇದು ಹಳೆಯ ಕಾಲದ ಕಥೆ ಎನ್ನಬೇಡಿ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಇಂಥ ತಾಯಿಯೊಬ್ಬರಿದ್ದರು. ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯ ವೆಂಕಟಲಕ್ಷ್ಮಮ್ಮ. ಗಂಡ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. 1861ರಲ್ಲಿ ಹುಟ್ಟಿದ ಮಗ ವಿಶ್ವೇಶ್ವರಯ್ಯ ಇನ್ನೂ ಹುಡುಗನಾಗಿದ್ದಾಗಲೇ ಶಾಸ್ತ್ರಿಗಳು ತೀರಿಕೊಂಡರು. ತಾಯಿ ಎದೆಗುಂದಲಿಲ್ಲ. ಮಗನ ಓದು ನಿಲ್ಲಬಾರದೆಂದು ಬೆಂಗಳೂರಿಗೆ ಸೋದರಮಾವನ ಆಸರೆಗೆ ಕಳಿಸಿದರು. ಹುಡುಗ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡು 1881ರಲ್ಲಿ ಬಿ.ಎ. ಪಾಸು ಮಾಡಿದ. 1912ರಲ್ಲಿ ಮೈಸೂರಿನ ದಿವಾನರಾದರು, 1955ರಲ್ಲಿ ಭಾರತರತ್ನ ಬಂತು.

ದಿವಾನಗಿರಿ ಒಪ್ಪುವ ಮುಂಚೆ ಅವರು ತಾಯಿಯನ್ನೂ ನೆಂಟರನ್ನೂ ಕೂರಿಸಿಕೊಂಡು, "ಯಾರೂ ನನ್ನ ಹತ್ತಿರ ಶಿಫಾರಸು ತರಕೂಡದು, ಹಾಗಾದರೆ ಮಾತ್ರ ಒಪ್ಪುತ್ತೇನೆ" ಎಂದರು ಎಂಬ ಮಾತು ಈ ಕಡೆ ಇಂದಿಗೂ ಪ್ರಚಾರದಲ್ಲಿದೆ. ಕಷ್ಟಪಟ್ಟು ಬೆಳೆಸಿದ ಮಗ ದಿವಾನನಾಗುವಾಗ ತಾಯಿಗೆ ಏನಾದರೂ ಕೇಳುವ ಹಕ್ಕಿಲ್ಲವೇ? ಇತ್ತು. ಆದರೂ ಕೇಳುವುದಿಲ್ಲವೆಂದು ಒಪ್ಪಿಕೊಂಡರಂತೆ. ತಾಯಿ ತನಗಾಗಿ ಬೇಡದಿದ್ದದ್ದರ ಫಲವನ್ನು ಇಡೀ ಮೈಸೂರು ಸಂಸ್ಥಾನ ಉಂಡಿತು.

ಮಹಾತ್ಮರ ಮನೆಯ ಮಾತು ಇರಲಿ. ರೇಷ್ಮೆ ಸಾಕುವ ಮನೆಯೊಳಗೆ ಒಂದು ಸಲ ಇಣುಕಿ ನೋಡಿ. ಹುಳು ನಾಲ್ಕು ಜ್ವರ ದಾಟಿ ಹಣ್ಣಾಗುವವರೆಗೆ ಆ ಮನೆಯ ತಾಯಿಗೆ ಸರಿಯಾದ ನಿದ್ದೆ ಇಲ್ಲ. ಕೊನೆಯ ಜ್ವರ ಎದ್ದ ಮೇಲೆ ಹುಳುವಿನ ಹಸಿವು ತಡೆಯುವಂತಿಲ್ಲ, ರಾತ್ರಿ ಎದ್ದು ಸೊಪ್ಪು ಹಾಕಬೇಕು. ಹಣ್ಣು ಹುಳು ಆಯ್ದು ಚಂದ್ರಿಕೆಗೆ ಬಿಡಬೇಕು. ನಡುವೆ ಮಕ್ಕಳ ಬುತ್ತಿ, ಮುದ್ದೆ ಸಾರು, ಅತ್ತೆಯ ಮಾತ್ರೆ, ಎಮ್ಮೆಯ ಹಾಲು. ಆ ಗೂಡಿನ ನೂಲಿನಿಂದ ಯಾರೋ ಮದುವೆಯ ಸೀರೆ ಉಡುತ್ತಾರೆ. ಅವಳು ಹಬ್ಬಕ್ಕೂ ಹತ್ತಿಯ ಸೀರೆಯಲ್ಲೇ ಇರುತ್ತಾಳೆ. ಕೇಳಿದರೆ, "ನಂಗ್ಯಾಕೆ ಬಿಡಿ, ಮಕ್ಕಳಿಗೆ ತನ್ನಿ" ಎನ್ನುತ್ತಾಳೆ.

ಈಗ ಒಂದು ಮಾತನ್ನು ಬಿಡಿಸಿ ಹೇಳಬೇಕು. ಮಲ್ಲಮ್ಮನ ಕಥೆ ಹೇಳಿ, "ನೋಡು, ಅವಳಂಗೆ ಸಹಿಸ್ಕೊಂಡಿರು" ಎಂದು ಸೊಸೆಗೆ ಬುದ್ಧಿ ಹೇಳುವವರು ಇದ್ದಾರೆ. ಅದು ಕಥೆಯನ್ನು ತಲೆಕೆಳಗಾಗಿ ಓದಿದಂತೆ. ಸೈರಣೆ ಮಲ್ಲಮ್ಮ ದೇವರಿಗೆ ಕೊಟ್ಟ ಕಾಣಿಕೆ. ಅದು ಅತ್ತೆಮನೆಯವರು ವಸೂಲಿ ಮಾಡುವ ಕಂದಾಯವಲ್ಲ. ಆ ಮನೆಯಲ್ಲಿ ದೇವರು ಯಾರ ಕಡೆ ನಿಂತ? ಪದ್ಮಮ್ಮನ ಕಡೆ ನಿಲ್ಲಲಿಲ್ಲ. ಹಸಿದು ದುಡಿಯುತ್ತಿದ್ದವಳ ಕಡೆ ನಿಂತ. ಆದ್ದರಿಂದ ಈ ಕಥೆ ಓದುವಾಗ ಸೊಸೆ ಮಲ್ಲಮ್ಮನಾಗಿದ್ದಾಳೋ ಇಲ್ಲವೋ ಎಂದು ನೋಡುವ ಮುಂಚೆ, ತಾನು ಪದ್ಮಮ್ಮನಾಗಿಲ್ಲ ತಾನೇ ಎಂದು ಪ್ರತಿಯೊಬ್ಬರೂ ನೋಡಿಕೊಳ್ಳಬೇಕು. ಗಂಡಸರಿಗೂ ಈ ಮಾತು ಅನ್ವಯಿಸುತ್ತದೆ. ಬಾಯಿಂದ ಬೈಯದೆ, ಅವಳು ಉಂಡಳೋ ಇಲ್ಲವೋ ಕೇಳದೆ ಕೈತೊಳೆದು ಎದ್ದುಹೋಗುವುದೂ ಒಂದು ಬಗೆಯ ಕಾಟವೇ.

ತೈತ್ತಿರೀಯ ಉಪನಿಷತ್ತು ದೇವರೆಂದು ಕಾಣಬೇಕಾದವರನ್ನು ಎಣಿಸುವಾಗ ತಾಯಿಯನ್ನು ಮೊದಲು ಹೇಳುತ್ತದೆ. ಆಮೇಲೆ ತಂದೆ, ಗುರು, ಅತಿಥಿ. ಈ ಸಾಲಿನಲ್ಲಿ ಮೊದಲು ಇರುವವಳು ಊಟದ ಸಾಲಿನಲ್ಲಿ ಮಾತ್ರ ಯಾಕೆ ಕೊನೆಗೆ ಇರಬೇಕು?

ಕೆಲವು ಭಕ್ತರು ಈ ಸಲ ತಾಯಿಯಿಲ್ಲದೆ ಬೆಟ್ಟ ಹತ್ತಿರಬಹುದು. ಹೋದ ವರ್ಷ ಕೈಹಿಡಿದು ಮೆಟ್ಟಿಲು ಹತ್ತಿಸಿದ ಕೈ ಇಂದು ಇಲ್ಲದಿರಬಹುದು. ಅಂಥವರು ದುಃಖಪಡಬೇಡಿ. ಆಕೆಯ ಹೆಸರಿನಲ್ಲಿ ಒಂದು ದೀಪ ಹಚ್ಚಿ. ಒಬ್ಬ ಹಸಿದವರಿಗೆ ಊಟ ಹಾಕಿಸಿ. ಆಕೆ ಮನೆಯಲ್ಲಿ ಯಾರ ಕಡೆ ಹೆಚ್ಚು ನಿಗಾ ಇಡುತ್ತಿದ್ದಳೋ, ಮುದಿ ತಂದೆಯೋ, ದಾರಿ ತಪ್ಪಿದ ತಮ್ಮನೋ, ಅವರನ್ನು ಕೈಬಿಡದೆ ನೋಡಿಕೊಳ್ಳಿ. ಅದಕ್ಕಿಂತ ದೊಡ್ಡ ಶ್ರಾದ್ಧವಿಲ್ಲ.

ತಾಯಿ, ಹೆಂಡತಿ ಇನ್ನೂ ಜೊತೆಗಿರುವ ಪುಣ್ಯವಂತರು ಬೆಟ್ಟ ಇಳಿಯುವ ಮುಂಚೆ ಇನ್ನೊಮ್ಮೆ ಸ್ವಾಮಿಯ ಕಡೆ ತಿರುಗಿ ಕೈಮುಗಿಯಿರಿ. ಅವಳು ತನಗಾಗಿ ಬೇಡಿಕೊಂಡಿಲ್ಲ, ಆದ್ದರಿಂದ ಅವಳಿಗಾಗಿ ನೀವು ಬೇಡಿಕೊಳ್ಳಿ. ಅವಳ ಮಂಡಿನೋವು ಕಡಿಮೆಯಾಗಲಿ ಎಂದು ಬೇಡಿಕೊಳ್ಳಿ. ಮನೆ ಸೇರಿದ ಮೇಲೆ ಪ್ರಸಾದವನ್ನು ಮೊದಲು ಅವಳ ಕೈಗೆ ಕೊಡಿ. ರಾತ್ರಿ ಅವಳ ಜೊತೆಯಲ್ಲೇ ಕೂತು ಉಣ್ಣಿ. ಇಷ್ಟು ಮಾಡಿದರೆ ಯಾತ್ರೆ ಪೂರ್ಣವಾದಂತೆ.

ಸರ್ವರಿಗೂ ಮಂಗಳವಾಗಲಿ. ಶುಭಮಸ್ತು.