ಪಟ್ಟದ ಗೊಂಬೆಯೂ ನೆನಪಿನ ಒಡೆತನವೂ

ಹಳೇ ಮೈಸೂರು ಸೀಮೆಯಲ್ಲಿ ಮದುವೆಯಾಗಿ ಹೊರಡುವ ಮಗಳಿಗೆ ತವರಿನವರು ಪಟ್ಟದ ಗೊಂಬೆಗಳನ್ನು ಕೊಡುವ ವಾಡಿಕೆಯಿದೆ: ರಕ್ತಚಂದನದಲ್ಲಿ ಕೆತ್ತಿದ ಗಂಡು-ಹೆಣ್ಣಿನ ಜೋಡಿ. ಬಾಲ್ಯವಿವಾಹದ ಕಾಲದಲ್ಲಿ ಮದುಮಗಳೇ ಗೊಂಬೆಯಾಡುವ ವಯಸ್ಸಿನವಳು; ಹಾಗಾಗಿ ಅದು ಬಳುವಳಿಯೂ ಹೌದು, ಆಟಿಕೆಯೂ ಹೌದು. ನವರಾತ್ರಿ ಬಂದಾಗ ಜೋಡಿಗೆ ಸೀರೆ, ಪಂಚೆ, ಪೇಟ ತೊಡಿಸಿ, ಮಣಿಸರ ಹಾಕಿ ಕೂರಿಸುತ್ತಾರೆ. ಅಜ್ಜಿಯ ಧಾರೆ ಸೀರೆಯ ಜರಿಯಂಚು ಗೊಂಬೆಯ ಸೆರಗಾಗುತ್ತದೆ. ಸವೆದ ಕಣ್ಣನ್ನು ಇನ್ನಾರೋ ತಿದ್ದುತ್ತಾರೆ. ಇಷ್ಟು ಬದಲಾದ ಮೇಲೂ ಅದು ಅದೇ ಗೊಂಬೆಯೇ? ಅದರಲ್ಲಿ ನೆನಪು ಉಳಿಯುತ್ತದೆಯೇ?

ಮೊದಲ ಪ್ರಶ್ನೆಗೆ ನ್ಯಾಯ-ವೈಶೇಷಿಕರ ಉತ್ತರ ಕಟುವಾದದ್ದು: ಒಂದು ಅವಯವ ಹೋದರೂ ಹಳೆಯ ಅವಯವಿ, ಅಂದರೆ ಭಾಗಗಳಿಂದಾದ ಇಡೀ ವಸ್ತು, ನಾಶವಾಗಿ, ಉಳಿದ ಭಾಗಗಳಿಂದ ಹೊಸದು ಹುಟ್ಟುತ್ತದೆ. ಕ್ಷಣಿಕವಾದಿಗಳಾದ ಬೌದ್ಧರಿಗಂತೂ ‘ಅದೇ’ ಎನ್ನುವುದು ಬರೀ ಸಾದೃಶ್ಯದ ಭ್ರಮೆ. ಜೈನರ ನಿಲುವು ಇಲ್ಲಿ ಹೆಚ್ಚು ಒದಗಿಬರುತ್ತದೆ. ದ್ರವ್ಯ ನಿಲ್ಲುತ್ತದೆ, ಪರ್ಯಾಯಗಳು, ಅಂದರೆ ಅದರ ಅವಸ್ಥೆಗಳು, ಬದಲಾಗುತ್ತವೆ. ಸಮಂತಭದ್ರನ ‘ಆಪ್ತಮೀಮಾಂಸೆ’ಯಲ್ಲಿ ಬಂಗಾರದ ಕೊಡ ಕರಗಿ ಕಿರೀಟವಾಗುತ್ತದೆ, ಕೊಡ ಬೇಕಿದ್ದವನು ಅಳುತ್ತಾನೆ, ಕಿರೀಟ ಬೇಕಿದ್ದವನು ಹಿಗ್ಗುತ್ತಾನೆ, ಬರೀ ಬಂಗಾರ ಬೇಕಿದ್ದವನಿಗೆ ಎರಡೂ ಇಲ್ಲ. ತರ್ಕದ ನಡುವೆ ದುಃಖಕ್ಕೂ ಜಾಗ ಕೊಟ್ಟದ್ದು ಈ ದೃಷ್ಟಾಂತದ ಹೆಚ್ಚುಗಾರಿಕೆ. ಗೊಂಬೆಯ ಸೀರೆ ಬದಲಾದರೆ ಯಾರೂ ಕೊರಗುವುದಿಲ್ಲ. ಮೂಗು ತಿದ್ದಿಸಿ ಮೈತುಂಬ ಬಣ್ಣ ಹೊಡೆಸಿದರೆ ಅಜ್ಜಿ ಮುನಿಯುತ್ತಾಳೆ. ಮರ ಹಾಗೇ ಇದೆಯಲ್ಲ ಎಂಬ ಸಮಾಧಾನ ಅವಳಿಗೆ ಸಾಲದು.

ಎರಡನೆಯ ಪ್ರಶ್ನೆಯಲ್ಲಿ ನೈಯಾಯಿಕರದೇ ಮೇಲುಗೈ. ಅವರ ಪ್ರಕಾರ ನೆನಪು ವಸ್ತುವಿನಲ್ಲಿಲ್ಲ. ಅನುಭವದಿಂದ ಆತ್ಮದಲ್ಲಿ ಉಳಿದ ಸಂಸ್ಕಾರವನ್ನು ಹೊರಗಿನದೇನೋ ಎಚ್ಚರಿಸಿದಾಗ ಸ್ಮೃತಿ ಹುಟ್ಟುತ್ತದೆ. ಹಾಗೆ ಎಚ್ಚರಿಸುವ ನಿಮಿತ್ತಗಳ ಉದ್ದ ಪಟ್ಟಿಯೇ ‘ನ್ಯಾಯಸೂತ್ರ’ದಲ್ಲಿದೆ, ಗುರುತು, ಹೋಲಿಕೆ, ಒಡವೆಗೂ ಒಡೆಯನಿಗೂ ಇರುವ ನಂಟು ಎಲ್ಲವೂ ಅದರಲ್ಲಿ ಸೇರಿವೆ. ಜರಿಯಂಚು ಗುರುತೂ ಹೌದು, ಅಜ್ಜಿಯ ಸ್ವತ್ತೂ ಹೌದು. ಗೊಂಬೆಯನ್ನು ತಮ್ಮದಾಗಿಸಿಕೊಳ್ಳುವುದೆಂದರೆ ಇಂಥ ನಿಮಿತ್ತಗಳನ್ನು ಕೂಡಿಸುವುದು, ಅಷ್ಟೆ.

ಹೀಗೆ ಕೂಡಿಸುವುದಕ್ಕೂ ಒಂದು ಮಿತಿಯುಂಟು. ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ ಎಂದು ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ, ದೇಹವೇ ಆತ್ಮವೆನ್ನುವ ಚಾರ್ವಾಕರ ವಿರುದ್ಧ ವಾದಿಸಿದ್ದಾನೆ. ಹಾಗಲ್ಲದಿದ್ದರೆ ತಾಯಿಯ ಅನುಭವವೆಲ್ಲ ಗರ್ಭದ ಶಿಶುವಿಗೂ ನೆನಪಾಗಬೇಕಿತ್ತು. ಗೊಂಬೆಯ ಜೊತೆ ಮೊಮ್ಮಗಳಿಗೆ ದಾಟುವುದು ಅಜ್ಜಿಯ ನೆನಪಲ್ಲ, ಮಾತು: ಅರಿವಿನ ಸಾಧನಗಳಾದ ಪ್ರಮಾಣಗಳಲ್ಲಿ ಅದು ಶಬ್ದ. ಹೇಳುವವರು ಹೇಳದೆ ಹೋದರೆ ಜರಿ ಬರೀ ಜರಿ. ಹೊಸ ಬಣ್ಣಕ್ಕಿಂತ ಗೊಂಬೆಯ ಅಡಿಯಲ್ಲಿ ಬರೆದಿಟ್ಟ ಒಂದು ಹೆಸರು, ಒಂದು ಇಸವಿ ಹೆಚ್ಚು ಕೆಲಸಕ್ಕೆ ಬರುವುದು ಇದರಿಂದಲೇ. ಮೊಮ್ಮಗಳ ಸ್ವಂತ ಸಂಸ್ಕಾರ ಶುರುವಾಗುವುದು ಅವಳೇ ಸೂಜಿ ಹಿಡಿದು ಸೆರಗು ಹೊಲಿದಾಗ. ಮುಂದಿನ ನವರಾತ್ರಿಯಲ್ಲಿ ಪೆಟ್ಟಿಗೆ ತೆರೆದರೆ ಅವಳಿಗೆ ನೆನಪಾಗುವುದು ಆ ಹೊಲಿಗೆ, ಅಜ್ಜಿಯ ಧಾರೆಯಲ್ಲ.