ಕಾಯಕವನ್ನು ಅಳೆಯುವ ಬಗೆ

ಕಾಯಕವೆಂಬುದು ಕೇವಲ ಉದರಪೋಷಣೆಯ ದುಡಿಮೆಯಲ್ಲವೆಂಬುದನ್ನು ಸದ್ಭಕ್ತರೆಲ್ಲರೂ ಬಲ್ಲರು. ಆದರೆ ಹತ್ತು ಜನರಿಂದ ಕಾಯಕವನ್ನು ಮಾಡಿಸುವವನ ಧರ್ಮವೇನೆಂಬುದನ್ನು ವಿಚಾರಿಸುವವರು ವಿರಳ. ಅಂಗಡಿ, ಗಿರಣಿ, ಸಹಕಾರಿ ಸಂಘ, ಪಾಠಶಾಲೆಗಳನ್ನು ನಡೆಸುವ ಗೃಹಸ್ಥರು ಭಕ್ತಸಮೂಹದಲ್ಲಿ ಅನೇಕರಿರುವುದರಿಂದ ಈ ವಿಚಾರ ಅವಶ್ಯವಾದುದು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಪರಿಮಾಣವೊಂದನ್ನೇ ನೋಡುವ ಯಜಮಾನನಾಗಿದ್ದರೆ ಅಂದು ಅವರಿಗೆ ಬಹುಮಾನ ಸಲ್ಲುತ್ತಿತ್ತು! ಸತಿ ಲಕ್ಕಮ್ಮನವರಾದರೋ ಅದನ್ನು ಮೆಚ್ಚದೆ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದರು. ಅಳತೆಗೋಲು ಯಾವುದೆಂಬುದೇ ಇಲ್ಲಿಯ ಪ್ರಶ್ನೆ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ (1900–1993) ಎಂಬವರು 1950ರಲ್ಲಿ ಜಪಾನಿನ ಉದ್ಯಮಪತಿಗಳಿಗೆ ಪಾಠ ಹೇಳಿದವರು. ತಮ್ಮ ಉಪನ್ಯಾಸಗಳಲ್ಲಿ ಅವರು ಮಣಿಗಳ ಆಟವೊಂದನ್ನು ಆಡಿಸುತ್ತಿದ್ದರು. ಪೆಟ್ಟಿಗೆಯಲ್ಲಿ ಬಿಳಿಯ ಮಣಿಗಳೊಡನೆ 100ಕ್ಕೆ 20ರಷ್ಟು ಕೆಂಪು ಮಣಿಗಳು ಬೆರೆತಿರುತ್ತವೆ. 50 ಕುಳಿಗಳುಳ್ಳ ಹಲಗೆಯನ್ನು ಅದರಲ್ಲಿ ಅದ್ದಿ, ಬಿಳಿಯ ಮಣಿಗಳನ್ನು ಮಾತ್ರ ತೆಗೆಯಬೇಕೆಂದು ಕೆಲಸಗಾರರಿಗೆ ಆಜ್ಞೆ. ಕೆಂಪು ಕಡಿಮೆ ಬಂದವನಿಗೆ ಹೊಗಳಿಕೆ, ಹೆಚ್ಚು ಬಂದವನಿಗೆ ಬೈಗುಳ. ಮರುಸಲ ನೋಡಿದರೆ ಹೊಗಳಿಸಿಕೊಂಡವನ ಹಲಗೆಯಲ್ಲಿಯೇ ಕೆಂಪು ತುಂಬಿರಬಹುದು. ಕೈ ಎಷ್ಟು ಜಾಣವಾದರೇನು? ಪೆಟ್ಟಿಗೆಯನ್ನು ತುಂಬಿದವನು ಯಜಮಾನನೇ ಅಲ್ಲವೆ?

ನೌಕರರನ್ನು ಪರಸ್ಪರ ಹೋಲಿಸಿ, ಒಂದು ಪಾಲಿನವರನ್ನು ಕೆಳದರ್ಜೆಗೆ ಇಳಿಸಲೇಬೇಕೆಂಬ ಪದ್ಧತಿಯೂ ಲೋಕದಲ್ಲಿ ಉಂಟು. ಅದನ್ನು ಬಹುಕಾಲ ನಡೆಸಿದ್ದ ಮೈಕ್ರೋಸಾಫ್ಟ್ ಸಂಸ್ಥೆ 2013ರಲ್ಲಿ ಕೈಬಿಟ್ಟಿತು. ಪಕ್ಕದವನು ಬಿದ್ದರೆ ತಾನು ಉಳಿಯುವೆನೆಂಬಲ್ಲಿ ದಾಸೋಹಭಾವವು ಎಲ್ಲಿಂದ ಬರಬೇಕು?

ಹಾಗೆಂದು ಸೋಮಾರಿತನವನ್ನು ಸೈರಿಸಬೇಕೆಂದು ಅರ್ಥವಲ್ಲ. ನುಲಿಯ ಚಂದಯ್ಯನವರ ಕಥೆಯಲ್ಲಿ ಲಿಂಗದೇವನಿಗೂ ಕಾಯಕ ತಪ್ಪಲಿಲ್ಲ. ಆದರೆ ಲೆಕ್ಕ ಬರೆಯುವವನು ತಪ್ಪಿದಾಗ, ಚೀಟಿಗಳು ಅವನ ಕೈಗೆ ಎಷ್ಟು ಹೊತ್ತಿಗೆ ಬರುತ್ತವೆ, ಕೆಲಸವನ್ನು ಅವನಿಗೆ ಕಲಿಸಿದವರಾರು, ಏನು ಬೇಕೆಂದು ಸ್ಪಷ್ಟವಾಗಿ ಹೇಳಿದೆಯೇ ಎಂಬುದನ್ನು ಯಜಮಾನನು ಮೊದಲು ನೋಡತಕ್ಕದ್ದು. ಅವೆಲ್ಲ ಸರಿಯಿದ್ದೂ ತಪ್ಪಿದರೆ, ಆ ದಿನವೇ, ಏಕಾಂತದಲ್ಲಿ ತಿಳಿಯಹೇಳಬೇಕು. ವರ್ಷವಿಡೀ ಮನಸ್ಸಿನಲ್ಲಿ ಕೂಡಿಟ್ಟುಕೊಂಡು, ಸಂಬಳ ಏರಿಸುವ ಹೊತ್ತಿಗೆ ಗಿರಾಕಿಗಳೆದುರಿಗೆ ಒಮ್ಮೆಲೇ ಹೊರಹಾಕುವ ಯಜಮಾನರೂ ಇದ್ದಾರೆ. ಅಂಥವರ ಅಂಗಡಿಯಲ್ಲಿ ಒಳ್ಳೆಯ ಆಳು ಎರಡು ದೀಪಾವಳಿಗಳನ್ನು ಕಾಣುವುದು ಅಪರೂಪ.